ಟಪಾಲು ಚೀಲ: ಜೂನ್‌ನಲ್ಲಿ ಅರಳಿದ ಕಾಫಿ ಹೂ

ಈ ಸಲ ಉತ್ತರ ತಡವಾಯಿತು. ಸಿಲ್ವರ್ ಓಕ್ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಸುಂಟಿಕೊಪ್ಪ ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ, ಅಲ್ಲೇ ಸ್ಟೂಲಿನ ಮೇಲೆ ಕೂತು ನಿಮ್ಮ ಪತ್ರಗಳನ್ನೆಲ್ಲ ಓದಿದೆ. ಒಂದೆರಡು ಕಡೆ ಗಟ್ಟಿಯಾಗಿ ನಕ್ಕೆ. ಟೈಲರ್ ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು.

ಹೊಸಬರಿಗೆ ಒಂದು ಮಾತು. ನಾನು ವಿಮರ್ಶಕಿ ಅಲ್ಲ. 31 ವರ್ಷ ಒಂದು ಸಣ್ಣ ಪೋಸ್ಟಾಫೀಸಿನಲ್ಲಿ ಟಪಾಲು ವಿಂಗಡಿಸಿದವಳು. ಓದುಗರ ಪತ್ರದ ಪುಟ ನೋಡ್ಕೊಳ್ತೀರಾ ಅಂತ ಪತ್ರಿಕೆಯವರು ಕೇಳಿದಾಗ, ಅದೇ ಕೆಲಸ ತಾನೇ ಅಂತ ಒಪ್ಪಿಕೊಂಡೆ.

ಗೋಣಿಕೊಪ್ಪದಿಂದ ಒಬ್ಬರು: ಅಕ್ಕ, ಕಳೆದ ಸಂಚಿಕೆಯ ಕಥೆಯಲ್ಲಿ ಗಂಡ ಆರು ವರ್ಷದ ಮೇಲೆ ಮನೆಗೆ ಬರುತ್ತಾನೆ. ಜೂನ್ ತಿಂಗಳು, ಜಡಿಮಳೆ. ತೋಟದ ತುಂಬ ಕಾಫಿ ಹೂ ಅರಳಿ ಘಮಘಮ. ಹೆಂಡತಿ ಹಾಡು ಗುನುಗುತ್ತಾ ಗೇಟಿಗೆ ಓಡುತ್ತಾಳೆ. ಜೂನ್‌ನಲ್ಲಿ ಎಲ್ಲಿಯ ಹೂ ಅಂತ ನಾನು ಪ್ರತಿಕ್ರಿಯೆ ಬರೆದೆ. "ಇದು ಕಥೆ, ಕೃಷಿ ಪಾಠ ಅಲ್ಲ" ಅಂತ ಲೇಖಕರು ಉತ್ತರ ಕೊಟ್ಟರು. ನಾನು ಬರೆದದ್ದು ತಪ್ಪಾ?

ತಪ್ಪು ನನ್ನದು. ಪ್ರಕಟವಾಗುವ ಮೊದಲು ಆ ಕಥೆಯನ್ನು ನಾನು ಎರಡು ಸಲ ಓದಿದ್ದೆ. ನಮ್ಮ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ರೋಬಸ್ಟಾ ಕಾಫಿ ಗಿಡ ಸಿಗುತ್ತದೆ. ಆದರೂ ಕಣ್ಣಿಗೆ ಬೀಳಲಿಲ್ಲ. ಗಂಡ ಬಂದನಲ್ಲ ಅನ್ನುವ ಸಂಭ್ರಮದಲ್ಲಿ ನಾನೂ ಅವಳ ಹಿಂದೆ ಗೇಟಿನ ತನಕ ಓಡಿಬಿಟ್ಟೆ.

ತೋಟ ನೋಡದವರಿಗೆ ಸ್ವಲ್ಪ ಹೇಳಬೇಕು. ಬೇಸಿಗೆಯಲ್ಲಿ ಕಾಫಿ ಮೊಗ್ಗು ಕೊಂಬೆಯ ಗಿಣ್ಣಿನಲ್ಲಿ ಸುಮ್ನೆ ಕೂತಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಒಳ್ಳೆಯ ಮಳೆ ಬೀಳಬೇಕು. ಅದು ಹೂಮಳೆ. ಒಂದು ಇಂಚಾದರೂ ಆಗಬೇಕು. ಇಲ್ಲಿ ಮನೆಮನೆಯಲ್ಲೂ ಮಳೆ ಅಳೆಯುವ ಡಬ್ಬ ಇರುತ್ತದೆ, ಪಕ್ಕದಲ್ಲಿ ಒಂದು ನೋಟ್‌ಬುಕ್. ಸಿಕ್ಕಿದವರೆಲ್ಲ "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ ಮಾತು ಶುರು ಮಾಡುತ್ತಾರೆ. ಮಳೆ ಕೈ ಕೊಟ್ಟರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಮಳೆಯಾಗಿ ಎಂಟು ಹತ್ತು ದಿನಕ್ಕೆ, ಒಂದು ಬೆಳಗ್ಗೆ ಎದ್ದು ನೋಡಿದರೆ ಕೊಂಬೆಯೆಲ್ಲ ಬೆಳ್ಳಗೆ. ಮಲ್ಲಿಗೆಯ ಹಾಗೆ ವಾಸನೆ. ಜಾಸ್ತಿ ದಿನ ಇರುವುದಿಲ್ಲ. ಎರಡು ಮೂರು ದಿನ ಕಳೆದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಜೂನ್ ಹೊತ್ತಿಗೆ ಕೊಂಬೆಯಲ್ಲಿ ಇರುವುದು ಹಸಿರು ಕಾಯಿ.

ತಿಂಗಳು ತಪ್ಪಿದ್ದನ್ನು ಬಿಡಿ. ಜೂನ್ ಹೊಡೆದು ಮಾರ್ಚ್ ಮಾಡಿದರೆ ಆಯಿತು. ಮುಖ್ಯವಾದದ್ದು ಬೇರೆ ಇದೆ. ಹೂ ಬಿಟ್ಟ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಜೇನು ಗೂಡು ಬಿಟ್ಟು ಹಾರುವುದಿಲ್ಲ. ರೋಬಸ್ಟಾಗೆ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಕಾಯಿ ಇಲ್ಲ. ಹೂವಿನ ದಿನ ಮೋಡ ಕಟ್ಟಿದರೆ ನಮ್ಮ ಮಾವ ಊಟಕ್ಕೆ ಕೂರುತ್ತಿರಲಿಲ್ಲ. ಜಗಲಿಯಲ್ಲಿ ಆ ಕಡೆಯಿಂದ ಈ ಕಡೆ ಓಡಾಡುತ್ತಿದ್ದರು.

ಈಗ ಆ ಕಥೆಯ ಹೆಂಗಸನ್ನು ನೋಡಿ. ಸಾಲ ಮಾಡಿ ತೋಟ ಉಳಿಸಿಕೊಂಡವಳು. ಹೂವಿನ ಮೇಲೆ ಮಳೆ ಹೊಯ್ಯುವಾಗ ಅವಳು ಹಾಡು ಗುನುಗುತ್ತಾಳೆಯೇ? ಅತ್ತ ಗಂಡ ಗೇಟು ತೆರೆದು ಒಳಗೆ ಬರುತ್ತಾನೆ. ಅವಳ ಕಣ್ಣು ಅವನ ಮೇಲಿಲ್ಲ, ಗಿಡದ ಮೇಲಿದೆ. ಆರು ವರ್ಷದ ಮೇಲೆ ಬಂದವನು ನೆನೆಯುತ್ತಾ ನಿಂತಿದ್ದಾನೆ, ಇವಳಿಗೆ ಪುರುಸೊತ್ತಿಲ್ಲ. ಎಂಥ ಕಥೆ ಆಗ್ತಿತ್ತು! ಲೇಖಕರ ಕೈಗೆ ನೀವು ಅದನ್ನೇ ಕೊಟ್ಟಿದ್ದಿರಿ. ಅವರು ಪಾಠ ಅಂದುಕೊಂಡರು.

ನಿಮ್ಮ ಮೇಲೂ ಒಂದು ದೂರಿದೆ. "ತೋಟ ನೋಡದವರು ತೋಟದ ಕಥೆ ಬರೆಯಬಾರದು" ಅಂತ ಕೊನೆಗೆ ಸೇರಿಸಿದ್ದಿರಿ. ಅದನ್ನು ನಾನು ಕತ್ತರಿಸಿದ್ದೇನೆ. ಮುಂದಿನ ಹೂವಿಗೆ ಬಂದು ನೋಡಿ ಅಂತ ಕರೆಯಿರಿ. ಕಾಫಿ ನಿಮ್ಮದೇ ಇದೆಯಲ್ಲ.

ಕುಶಾಲನಗರದಿಂದ ಒಬ್ಬರು: ಮೇಡಂ, ನನಗೆ ಕಥೆ ಓದುವುದು ಇಷ್ಟ, ಬರೆಯಲು ಬರುವುದಿಲ್ಲ. "ತುಂಬಾ ಚೆನ್ನಾಗಿದೆ" ಅಂತ ಮೂರು ಸಲ ಕಳಿಸಿದೆ. ಒಂದನ್ನೂ ನೀವು ಹಾಕಲಿಲ್ಲ. ನಮ್ಮಂಥವರ ಅಭಿಪ್ರಾಯ ಬೇಡವಾ?

ಮೂರೂ ಸಿಕ್ಕಿವೆ. ಮೂರರಲ್ಲೂ ಯಾವ ಕಥೆ ಅಂತ ಇರಲಿಲ್ಲ. ಯಾರ ಕೈಗೆ ಕೊಡಲಿ ಹೇಳಿ? ವಿಳಾಸ ಇಲ್ಲದ ಟಪಾಲು ಕಂಡರೆ ನನಗೆ ಈಗಲೂ ಸಂಕಟ.

ಒಂದು ಹಳೆಯ ಸಂಗತಿ ಹೇಳ್ತೇನೆ. ಅಷ್ಟು ವರ್ಷದಲ್ಲಿ ನಾನು ಒಂದೇ ಒಂದು ಇನ್‌ಲ್ಯಾಂಡ್ ಪತ್ರ ಒಡೆದವಳಲ್ಲ. ಕಾರ್ಡು ಮಾತ್ರ ಓದಿದ್ದೇನೆ. 50 ಪೈಸೆ ಕಾರ್ಡಿನಲ್ಲಿ ಯಾರೂ ಗುಟ್ಟು ಬರೆಯುವುದಿಲ್ಲ, ಅಲ್ವಾ? ನಮ್ಮ ಊರಿನಲ್ಲಿ ರಿಟೈರಾದ ಮೇಷ್ಟ್ರು ಒಬ್ಬರಿದ್ದರು. ವಾರಪತ್ರಿಕೆ ಬಂದ ಮರುದಿನ ಎರಡು ಕಾರ್ಡು ಹಿಡಿದು ಬರುತ್ತಿದ್ದರು. ಆ ವಾರದ ಕಥೆ ಬರೆದವರಿಗೆ ಒಂದು, ಕವನ ಬರೆದವರಿಗೆ ಒಂದು. ಪತ್ರಿಕೆಯ ವಿಳಾಸಕ್ಕೆ. ಮಳೆಗಾಲದಲ್ಲಿ ಶಾಯಿ ಹರಡಬಾರದು ಅಂತ ಕಾರ್ಡಿನ ಮೇಲೆಲ್ಲ ಮೇಣದಬತ್ತಿ ಉಜ್ಜಿಕೊಂಡು ತರುತ್ತಿದ್ದರು. ಮೇಣದ ಮೇಲೆ ಮೊಹರು ಕೂರುವುದಿಲ್ಲ ಅಂತ ನಾನು ಗೊಣಗುತ್ತಿದ್ದೆ. "ಸ್ವಲ್ಪ ಜೋರಾಗಿ ಕುಟ್ಟಮ್ಮ" ಅನ್ನುತ್ತಿದ್ದರು.

ಒಂದು ಕಾರ್ಡು ಇನ್ನೂ ನೆನಪಿದೆ. "ಸೊಸೆ ಕುಡಿದ ಲೋಟವನ್ನು ಅತ್ತೆ ಬಚ್ಚಲಿನ ಗೋಡೆ ಮೇಲೆ ಬೋರಲು ಹಾಕಿದಳು ಅಂತ ಬರೆದಿದ್ದೀರಿ. ಅಲ್ಲಿ ನಾನು ಓದು ನಿಲ್ಲಿಸಿದೆ. ಸೊಸೆಯ ಜಾತಿ ಬೇರೆ ಅಂತ ನೀವು ಎಲ್ಲೂ ಹೇಳಿಲ್ಲ. ಲೋಟ ಹೇಳಿತು." ಇಷ್ಟೇ. ಕೆಳಗೆ ಸಹಿ. ಮೊಹರು ಕುಟ್ಟುವ ಕೈ ಹಾಗೇ ನಿಂತಿತು. ಸಂಜೆ ಲೈಬ್ರರಿಗೆ ಹೋಗಿ ಆ ಕಥೆ ಹುಡುಕಿ ಓದಿದೆ. ಅಲ್ಲಿಯ ತನಕ ನಾನು ಪತ್ರಿಕೆಯಲ್ಲಿ ಓದುತ್ತಿದ್ದದ್ದು ಅಡುಗೆ ಪುಟ ಮಾತ್ರ.

ಆ ಮೇಷ್ಟ್ರು ಹೊಗಳುವಾಗಲೂ "ಚೆನ್ನಾಗಿದೆ" ಅಂತ ಬರೆದದ್ದನ್ನು ನಾನು ನೋಡಿಲ್ಲ. ನೀವೂ ಅಷ್ಟೇ ಮಾಡಿ. ಓದುವಾಗ ಎಲ್ಲಿ ನಿಂತಿರಿ, ಅದನ್ನು ಬರೆಯಿರಿ. ಬೇಜಾರಾಗಿ ನಿಂತಿದ್ದರೂ ಸರಿ. ನಾಲ್ಕು ಪದ ಸಾಕು, ಹಾಕ್ತೇನೆ.

ವಿಜಯಪುರದಿಂದ ಒಬ್ಬರು: ನಿಮ್ಮ ಕಡೆಯವರ ಕಥೆಯಲ್ಲಿ "ಕಾಚಂಪುಳಿ" ಅಂತ ಬಂತು. ಏನ್ರೀ ಅದು? ಇಂಥ ಪದಕ್ಕೆ ಕೆಳಗೆ ಅರ್ಥ ಕೊಡಬಾರದಾ?

ಮಳೆಗಾಲದಲ್ಲಿ ಉದುರುವ ಒಂದು ಹುಳಿ ಹಣ್ಣು ಅದಕ್ಕೆ ಬೇಕು. ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿಟ್ಟರೆ ರಸ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಆ ರಸವನ್ನು ಕುದಿಸಿ ಕುದಿಸಿ ಇಂಗಿಸಬೇಕು. ಕೊನೆಗೆ ಉಳಿಯುವುದು ಕಪ್ಪಗೆ, ಜೋನಿಬೆಲ್ಲದ ಹಾಗೆ ಗಟ್ಟಿ. ಬಾಟಲಿಗೆ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಕೊನೆಯಲ್ಲಿ ಒಂದೆರಡು ಚಮಚ ಹಾಕುತ್ತಾರೆ. ಬೆರಳಿಗೆ ತಾಗಿಸಿ ನೆಕ್ಕಿದರೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ.

ಕೆಳಗೆ ಅರ್ಥ ಕೊಡುವುದಕ್ಕೆ ಮಾತ್ರ ನನಗೆ ಮನಸ್ಸಿಲ್ಲ. ಆ ಕಥೆಯಲ್ಲಿ ಚಿಕ್ಕಮ್ಮ ಬಾಟಲಿ ಬಗ್ಗಿಸುತ್ತಾಳೆ, ಸಾರು ಕಪ್ಪಾಗುತ್ತದೆ, ಹುಡುಗನ ಬಾಯಲ್ಲಿ ನೀರೂರುತ್ತದೆ. ಹುಳಿ ಅಂತ ಗೊತ್ತಾಯಿತಲ್ಲ. ನಿಮ್ಮ ಕಡೆಯ ಕಥೆಯಲ್ಲಿ ಅಗಸಿ ಹಿಂಡಿ ಅಂತ ಬಂದಾಗ ನಾನು ಯಾರನ್ನೂ ಕೇಳಲಿಲ್ಲ. ರೊಟ್ಟಿ ಜೊತೆ ತಿಂದರು ಅಂತ ಇತ್ತು. ಹಸಿವಾಯಿತು, ಅಷ್ಟು ಸಾಕಾಯಿತು.

ಊರಿನ ಹೆಸರು ಬೇಡ ಎಂದ ಓದುಗಿ: 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ನಮ್ಮ ಗದ್ದೆ ಹೋಯಿತು. ನಿಮ್ಮಲ್ಲಿ ಬಂದ ಕವನದಲ್ಲಿ "ಬೆಟ್ಟ ಕಣಿವೆಯನ್ನು ಅಪ್ಪಿಕೊಂಡಿತು" ಅಂತ ಇದೆ. ಎಲ್ಲರೂ ವಾಹ್ ಅಂದಿದ್ದಾರೆ. ನನಗೆ ಮೈ ಉರಿಯಿತು. ಮಣ್ಣು ಬಂದ ಮೇಲೆ ನಮ್ಮ ಅಪ್ಪ ಬೇಲಿ ಎಲ್ಲಿತ್ತು ಅಂತ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಇದನ್ನು ಕವಿಗೆ ಹೇಗೆ ಹೇಳಲಿ?

ಹೇಳಿಬಿಟ್ಟಿದ್ದೀರಿ, ತಂಗಿ. ಬೇಲಿಯ ಆ ಮಾತನ್ನು, ನಿಮ್ಮನ್ನು ಕೇಳಿಯೇ, ಹಾಗೇ ಕವಿಗೆ ಕಳಿಸಿದೆ.

ಆ ಆಗಸ್ಟ್‌ನಲ್ಲಿ ನಾನು ಇನ್ನೂ ಕೆಲಸದಲ್ಲಿದ್ದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಅಂತ ದಿನಾ ಒಂದೊಂದು ಕಡೆಯ ಸುದ್ದಿ. ಕಾಗದಗಳು ಬರುತ್ತಲೇ ಇದ್ದವು. ಬ್ಯಾಂಕಿನದು, ವಿಮೆಯದು, ಒಂದು ಮದುವೆಯ ಕರೆಯೋಲೆ. ಆ ವಿಳಾಸದಲ್ಲಿ ಮನೆ ಇರಲಿಲ್ಲ. ಪೋಸ್ಟ್‌ಮನ್ ಅವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪರಿಹಾರ ಕೇಂದ್ರಗಳಿಗೆ ಹೋಗಿ ಹೆಸರು ಕೂಗಿ ಕೊಟ್ಟು ಬರುತ್ತಿದ್ದ. ಮದುವೆಯ ಕಾಗದ ಯಾರ ಕೈಗೂ ಸೇರದೆ ನನ್ನ ಮೇಜಿಗೆ ವಾಪಸ್ ಬಂತು. ಅದನ್ನು ಎಷ್ಟೋ ದಿನ ಕೆಳಗಿನ ಖಾನೆಯಲ್ಲೇ ಇಟ್ಟುಕೊಂಡಿದ್ದೆ. ಇದನ್ನೆಲ್ಲ ನೋಡಿದವಳೇ ಆ "ಅಪ್ಪಿಕೊಂಡಿತು" ಓದಿ ಮುಂದೆ ಹೋಗಿದ್ದೆ. ಲಯ ಚೆನ್ನಾಗಿತ್ತು, ಅದರಲ್ಲೇ ಜಾರಿಹೋದೆ.

ಕವಿ ಬೆಂಗಳೂರಿನ ಹುಡುಗ. ಐದು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿದ. "ಮೇಡಂ, ಆ ಪದ ತೆಗೆದಿದ್ದೇನೆ. ಆ ಜಾಗಕ್ಕೆ ಏನು ಹಾಕುವುದು ಅಂತ ಗೊತ್ತಾಗುತ್ತಿಲ್ಲ" ಅಂದ. ಸದ್ಯಕ್ಕೆ ಖಾಲಿ ಬಿಡಪ್ಪ ಅಂದೆ. ಈಗ ಕವನದಲ್ಲಿ ಆ ಸಾಲು ಅರ್ಧವೇ ಇದೆ. ಬಿಡುವಾದಾಗ ನೋಡಿ.

ವಿರಾಜಪೇಟೆಯ ಕಾಲೇಜು ಹುಡುಗಿ: ಅಕ್ಕ, ಮನೆಯಲ್ಲಿ ಗೊತ್ತಾಗಬಾರದು ಅಂತ ಬೇರೆ ಹೆಸರಿನಲ್ಲಿ ಕಥೆ ಬರೆಯುತ್ತೇನೆ. ಹೆಸರು ಮುಚ್ಚಿಟ್ಟವರ ಕಥೆಯನ್ನು ಓದುಗರು ನಂಬುತ್ತಾರಾ?

ನಮ್ಮ ಜಿಲ್ಲೆಯವರದೇ ಉದಾಹರಣೆ ಇದೆ. ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಪತ್ರಿಕೆಗಳಲ್ಲಿ ಅವರು ಬಳಸುತ್ತಿದ್ದ ಹೆಸರು "ಮಿಸೆಸ್ ಬಿ.ಟಿ.ಜಿ. ಕೃಷ್ಣ". ಗಂಡನ ಹೆಸರಿನ ಹಿಂದೆ ಒಂದು ಮಿಸೆಸ್, ಅವರ ಸ್ವಂತ ಹೆಸರಿನ ಒಂದಕ್ಷರವೂ ಇಲ್ಲ. ವಿಧವೆಯರ ಬಗ್ಗೆ, ಮೋಸ ಹೋದ ಹೆಣ್ಣುಮಕ್ಕಳ ಬಗ್ಗೆ ಆ ಕಾಲದಲ್ಲೇ ಧೈರ್ಯವಾಗಿ ಬರೆದರು. 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜುವಾಗ ಸುಳಿಗೆ ಸಿಕ್ಕಿ ತೀರಿಹೋದಾಗ ಅವರಿಗೆ ಬರೀ 27 ವರ್ಷ. ಕಥಾಸಂಕಲನಗಳು ಪುಸ್ತಕವಾಗಿ ಬಂದದ್ದು ಆಮೇಲೆ. ಬೇಂದ್ರೆಯವರು ತಂಗಿ ಅಂತ ಕರೆದು ಅವರ ಮೇಲೆ ಕವನ ಬರೆದರು. ಅದೂ ಓದುಗರ ಪ್ರತಿಕ್ರಿಯೆಯೇ ಅಂತ ನನ್ನ ಲೆಕ್ಕ. ಗೌರಮ್ಮನವರ ಕಣ್ಣಿಗೆ ಬೀಳಲಿಲ್ಲ ಅನ್ನುವುದೊಂದೇ ಬೇಜಾರು.

ಆ ಮಿಸೆಸ್ ಈಗ ಯಾರ ಬಾಯಲ್ಲೂ ಇಲ್ಲ. ಗೌರಮ್ಮ ಅಂತಲೇ ಎಲ್ಲರಿಗೂ ಗೊತ್ತು. ನೀನು ಧಾರಾಳವಾಗಿ ಬೇರೆ ಹೆಸರಲ್ಲಿ ಬರಿ, ಮಗಾ. ನನಗೆ ಮಾತ್ರ ನಿಜವಾದ ಹೆಸರು ತಿಳಿಸು. ಪೋಸ್ಟಾಫೀಸಿನವಳು, ಗುಟ್ಟು ಹೊರಗೆ ಬಿಡಲ್ಲ. ಕಾರ್ಡಿನಲ್ಲಿ ಬರೆಯಬೇಡ ಅಷ್ಟೇ.

ಸೋಮವಾರಪೇಟೆಯಿಂದ ಒಬ್ಬರು: ನಿಮ್ಮಲ್ಲಿ ಬಂದ ಕನ್ನಡಿಯ ಕವನದ ಹಾಗೆ ಅರ್ಥವೇ ಆಗದಿದ್ದರೆ ಏನಂತ ಪ್ರತಿಕ್ರಿಯೆ ಬರೆಯಬೇಕು?

ಅರ್ಥ ಆಗಲಿಲ್ಲ ಅಂತ. ನೀವು ಹೇಳಿದ ಆ ಕನ್ನಡಿಯ ಕವನ ನನಗೂ ಆಗಿರಲಿಲ್ಲ. ಬರೆದವರಿಗೇ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಅವರೇ ಗಟ್ಟಿಯಾಗಿ ಓದಿ ಹೇಳಿದರು. ಆಗ ಮೊದಲರ್ಧ ಸರಿಹೋಯಿತು. ನೀವೂ ಒಂದು ಸಲ ಬಾಯಿಬಿಟ್ಟು ಓದಿ ನೋಡಿ.

ನಾಪೋಕ್ಲಿನಿಂದ ಒಬ್ಬರು: ಹದಿನೈದು ದಿನದ ಹಿಂದೆ ಕಥೆ ಕಳಿಸಿದ್ದೆ. ಸಿಕ್ಕಿತೋ ಇಲ್ಲವೋ ಅದೂ ಗೊತ್ತಿಲ್ಲ.

ಸಿಕ್ಕಿದೆ. ಟೈಲರ್ ಅಂಗಡಿಯಲ್ಲಿ ಅರ್ಧ ಓದಿದ್ದೇನೆ. ಅಜ್ಜ ಸಂತೆಗೆ ಹೊರಡುವಾಗ ನಾಯಿಯೂ ಹಿಂದೆಯೇ ಹೊರಟಿತು. ಸೇತುವೆ ದಾಟುವಾಗ ಅಜ್ಜ ಒಬ್ಬರೇ ಇದ್ದಾರೆ. ನಾಯಿ ಎಲ್ಲಿ ಹೋಯಿತು? ಬೇಕೆಂದೇ ಬಿಟ್ಟಿದ್ದರೆ ಏನೂ ಹೇಳಬೇಡಿ. ಅಷ್ಟು ಹೊತ್ತಿಗೆ ಟೈಲರ್ ಅಂಗಡಿ ಮುಚ್ಚುವ ಸಮಯ ಆಯಿತು. ಉಳಿದದ್ದು ಈ ವಾರ ಓದುತ್ತೇನೆ.