ಟ್ಯಾಕ್ರೋಲಿಮಸ್ ಲೆವೆಲ್ 14 ಬಂದಿದ್ದಕ್ಕೆ

ಟ್ಯಾಕ್ರೋಲಿಮಸ್ ಅಂದರೆ ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಗುಳಿಗೆ, ಲೆವೆಲ್ ಅಂದರೆ ರಕ್ತದಲ್ಲಿ ಅದರ ಪ್ರಮಾಣ. ನಿಮ್ಮ ತಮ್ಮ ಬೆಳಗಿನ ಗುಳಿಗೆ ನುಂಗಿದ ಮೇಲೆ ರಕ್ತ ಕೊಟ್ಟಿರಬೇಕು, ಆಗ ಲೆವೆಲ್ ಜಾಸ್ತಿ ಕಾಣುತ್ತದೆ, ನನಗೆ ಮೊದಲ ಅನುಮಾನ ಅದೇ. ಕಿಡ್ನಿ ಕಸಿಯಾಗಿ ಎಂಟು ತಿಂಗಳಾದ ತಮ್ಮನಿಗೆ ಲೆವೆಲ್ 7 ಇದ್ದದ್ದು 14 ಆಗಿದೆ, ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಅಂಶ) 1.2ರಿಂದ 1.5ಕ್ಕೆ ಹೋಗಿದೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಗಾಬರಿಯಾಗಿತ್ತು. ದಿನಕ್ಕೆರಡು ಸಲ ತಗೊಳ್ಳುವ ಗುಳಿಗೆಯಾದರೆ, ರಾತ್ರಿ 9ಕ್ಕೆ ನುಂಗಿದವರು ಬೆಳಿಗ್ಗೆ 9ಕ್ಕೆ, ಮುಂದಿನ ಗುಳಿಗೆಗೆ ಮುಂಚೆ ರಕ್ತ ಕೊಡಬೇಕು. ಡಬ್ಬಿ ಜೇಬಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಲಿ. ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ ಅಲ್ಲೇ ನುಂಗಲಿ.

ಆದರೆ ರಕ್ತ ಕೊಟ್ಟ ಹೊತ್ತು ಕ್ರಿಯಾಟಿನಿನ್ ಏರಿದ್ದಕ್ಕೆ ಉತ್ತರ ಅಲ್ಲ. ಭೇದಿ ಆಗಿತ್ತಾ ಕೇಳಿ. ಭೇದಿಯಾದಾಗ ಈ ಔಷಧ ರಕ್ತಕ್ಕೆ ಜಾಸ್ತಿ ಸೇರುತ್ತದೆ, ಮೈಯಲ್ಲಿ ನೀರೂ ಕಮ್ಮಿಯಾಗುತ್ತದೆ. ಕಲಬುರಗಿ ಬಿಸಿಲು ಬೇರೆ! ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಆ್ಯಂಟಿಬಯೋಟಿಕ್ ಆದ ಕ್ಲಾರಿಥ್ರೋಮೈಸಿನ್ ಯಾರಾದರೂ ಕೊಟ್ಟಿದ್ದರೆ ಲೆವೆಲ್ ನಿಜವಾಗಿಯೂ ಏರುತ್ತದೆ. ಮೈಕೈ ನೋವಿಗೆ ಸುಮ್ನೆ ಅಂತ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ನುಂಗಿದ್ದರೆ ಕಿಡ್ನಿಗೇ ಪೆಟ್ಟು. ಗುಳಿಗೆಯ ಕಂಪನಿ ಬದಲಾಗಿದೆಯಾ, ಅದನ್ನೂ ನೋಡಿ.

ಇವತ್ತೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಎರಡೂ ರಿಪೋರ್ಟು, ಈ ತಿಂಗಳು ನುಂಗಿದ ಎಲ್ಲ ಗುಳಿಗೆಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ. ಮರುಪರೀಕ್ಷೆ ಯಾವಾಗ ಅಂತ ಅವರೇ ಹೇಳಲಿ. ನೀವಾಗಿ ಡೋಸ್ ಇಳಿಸಬೇಡಿ. ಲೆವೆಲ್ 14 ಸುಳ್ಳಾಗಿದ್ದರೆ, ಇಳಿಸಿದ ಡೋಸೇ ಕಸಿಯನ್ನು ಕೆಡಿಸಬಹುದು.

ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯಾ ಅಂತ ಇಲ್ಲಿ ಕೂತು ಯಾರೂ ಹೇಳಲಾಗದು, ಅದಕ್ಕೆ ಬಯಾಪ್ಸಿಯೇ (ಕಿಡ್ನಿಯ ಚಿಕ್ಕ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕಾಗಬಹುದು. ಜ್ವರ, ಮೂತ್ರ ಕಮ್ಮಿ, ಕಾಲು ಬಾವು, ಕಸಿ ಜಾಗದಲ್ಲಿ ನೋವು, ಇದರಲ್ಲಿ ಒಂದು ಕಂಡರೂ ಫೋನಿಗೆ ಕಾಯದೆ ಹೊರಡಿ.