ಮಾತಾಡಿದರೋ, ಮಾತಾಡುವರೋ?

ಪ್ರಶ್ನೆ: ಪೋರ್ಚುಗೀಸ್ ತರಗತಿಗೆ ಸೇರಿ ಆರು ತಿಂಗಳಾಯಿತು. ‘ಅವರು ಮಾತಾಡಿದರು’ ಎಂದು ನಾನು ಹೇಳಿದರೆ ಟೀಚರ್‌ಗೆ ‘ಮಾತಾಡುವರು’ ಎಂದು ಕೇಳಿಸುತ್ತದಂತೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರು, ವಾಸ್ಕೋ

ಉತ್ತರ: ಕೊನೆಯ ಉಚ್ಚಾರಾಂಶದಲ್ಲಿ. ಫ-ಲಾ-ರಂವ್ ಅಂದರೆ ಮಾತಾಡಿದರು. ಫ-ಲ-ರಾಂವ್ ಅಂದರೆ ಮಾತಾಡುವರು. ಬರಹದಲ್ಲಿ ಮೊದಲನೆಯದರ ಕೊನೆಗೆ ಎ, ಎಂ ಇರುತ್ತವೆ. ಎರಡನೆಯದರ ಕೊನೆಗೆ ಅಲೆಗೀಟು ಹೊತ್ತ ಎ, ಆಮೇಲೆ ಓ. ಬಾಯಲ್ಲಿ ಎರಡೂ ಮೂಗಿನಿಂದ ಹೊರಡುವ ಅದೇ ‘ಅಂವ್’. ಕಾಲ ಗೊತ್ತಾಗುವುದು ಒತ್ತಿನಿಂದ ಮಾತ್ರ, ಅಂದರೆ ಯಾವ ಉಚ್ಚಾರಾಂಶವನ್ನು ಬಲವಾಗಿ ಹೇಳುತ್ತೇವೆ ಎಂಬುದರಿಂದ. ನಮಗೋ, ಅನುಸ್ವಾರ ಬಂದರೆ ಗುರು ಎಂಬ ಪ್ರಸ್ತಾರದ ಪಾಠ ಕಿವಿಗೆ ಅಂಟಿದೆ. ಕೊನೆಯ ಅಕ್ಷರಕ್ಕೆ ಭಾರ ಹಾಕುತ್ತೇವೆ, ಭೂತಕಾಲ ಭವಿಷ್ಯತ್ತಾಗುತ್ತದೆ!

ಮೊದಲು ಬರೀ ‘ಲಾ’ ಅನ್ನಿ. ಆಮೇಲೆ ‘ಲಾ-ರಂವ್’, ರಂವ್ ಅನ್ನು ನುಂಗಿದ ಹಾಗೆ. ಫ ಕೊನೆಗೆ ಸೇರಲಿ.

ಗೀಟಿಲ್ಲದ ಪದ ಎ, ಇ, ಓಗಳಲ್ಲಿ ಮುಗಿದರೆ, ಅವುಗಳ ನಂತರ ಎಸ್ ಬಂದರೂ, ಎ, ಇಗಳ ನಂತರ ಎಂ ಬಂದರೂ, ಒತ್ತು ಕೊನೆಯಿಂದ ಎರಡನೆಯದಕ್ಕೆ: ಫ-ಲಾ-ಮುಶ್, ಮಾತಾಡುತ್ತೇವೆ. ಐ, ಯು, ಆರ್, ಎಲ್, ಝಡ್‌ಗಳಲ್ಲಿ ಮುಗಿದರೆ ಕೊನೆಯದಕ್ಕೇ: ಕು-ಮೀ, ತಿಂದೆ. ಈ ಲೆಕ್ಕ ತಪ್ಪುವ ಕಡೆ ಓರೆ ಗೀಟು ಬರುತ್ತದೆ: ಫ-ಲಾ-ವ-ಮುಶ್, ಮಾತಾಡುತ್ತಿದ್ದೆವು. ಇಲ್ಲಿ ಲಾ ಮೇಲೆ ಗೀಟಿದೆ.

ಇನ್ನೊಂದು ಗುಂಡಿ ನಮ್ಮ ಯಕಾರಾಗಮ. ‘ಸಾಯ್’ ಒಂದೇ ಉಚ್ಚಾರಾಂಶ, ಹೊರಡುತ್ತಾನೆ ಎಂದರ್ಥ. ಐ ಮೇಲೆ ಗೀಟು ಬಿದ್ದರೆ ಸ-ಈ, ನಾನು ಹೊರಟೆ. ನಡುವೆ ಯಕಾರ ತೂರಿಸಿ ‘ಸಯಿ’ ಮಾಡಬೇಡಿ.

ಪ್ರಶ್ನೆ: ಗೋವಾದ ಹಳೆಯ ಜನನ ದಾಖಲೆಯೊಂದರಲ್ಲಿ ಒಂದು ಪದ ಎಸ್ ಅಕ್ಷರದ ಬಳಿ ಮುರಿದು, ಮುಂದಿನ ಸಾಲು ಸಿ-ಯಿಂದ ಶುರುವಾಗಿದೆ. ಬರೆದವರ ತಪ್ಪೇ?
— ಓದುಗರು, ಮಡಗಾಂವ್

ಉತ್ತರ: ತಪ್ಪಲ್ಲ. ಅದು ‘ನಶ್-ಸೇವ್’, ಹುಟ್ಟಿದ ಎಂದು, ಆಗಿರಬೇಕು. ಎಸ್, ಸಿ ಜೊತೆಗೆ ಬಂದಾಗ ಸಾಲಿನ ಕೊನೆಯಲ್ಲಿ ಬೇರೆಯಾಗುತ್ತವೆ. ಜೋಡಿ ಆರ್, ಜೋಡಿ ಎಸ್ ಕೂಡ ಹಾಗೆಯೇ, ಬಾಯಲ್ಲಿ ಒಂದೇ ದನಿಯಾದರೂ. ಎನ್-ಹೆಚ್, ಎಲ್-ಹೆಚ್, ಸಿ-ಹೆಚ್ ಮಾತ್ರ ಒಡೆಯುವುದಿಲ್ಲ. ಎನ್-ಹೆಚ್‌ಗೆ ಉದಾಹರಣೆ, ‘ನನ್ನ ಬಳಿ ಇದೆ’ ಎನ್ನುವ ಕ್ರಿಯಾಪದ ತೇ-ಞು. ಮರಣ ದಾಖಲೆ ನೋಡುವಾಗ ‘ಫ-ಲೆ-ಸೇವ್’ ಹುಡುಕಿ, ತೀರಿಕೊಂಡರು ಎಂದು. 1911ರ ಕಾಗುಣಿತ ಸುಧಾರಣೆಗಿಂತ ಹಿಂದಿನ ಬರಹವಾದರೆ ಅದರಲ್ಲಿ ಎರಡು ಎಲ್ ಸಿಗುತ್ತವೆ, ಸಾಲು ಅವುಗಳ ನಡುವೆಯೂ ಮುರಿದಿರಬಹುದು. ಒತ್ತು ಆಗಲೂ ಈಗಲೂ ‘ಸೇವ್’ ಮೇಲೆಯೇ.