ದ್ವೀಪಕ್ಕೆ ಹೊರಟಿದ್ದೀರಾ? ಮೊದಲು ಪಂಚಾಂಗ ತೆಗೆಯಿರಿ

ಚಳಿಗಾಲದ ರಜೆ ಹತ್ತಿರ ಬಂತು. ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಅಂಡಮಾನಿನ ವಿಚಾರವೇ. ನಾನು ಹೊನ್ನಾವರದ ಕಡೆಯವಳು, ಮದುವೆಯಾದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವಳು. ಅದಕ್ಕೇ ಸಂಪಾದಕರು ಪತ್ರದ ಕಟ್ಟನ್ನು ನನಗೇ ಕಳಿಸಿದ್ದಾರೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹ್ಯಾವ್‌ಲಾಕ್, ನೀಲ್, ರಾಸ್ ದ್ವೀಪಗಳಿಗೆ 2018ರಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ, ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಎಂದು ಹೆಸರಿಟ್ಟರು. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಟಿಕೆಟ್ ಮೇಲೆ ಹೊಸ ಹೆಸರು ಕಂಡರೆ ಗಾಬರಿ ಬೇಡ. ನನ್ನ ಬಾಯಿಗೆ ಹಳೆಯದೇ ರೂಢಿ.

ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು. ಆರು ದಿನಕ್ಕೆ ಹೋಗುತ್ತಿದ್ದೇವೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಬರೀ ಬೀಚು, ಬೀಚು, ಬೀಚು. ಮರಳಲ್ಲಿ ಮಲಗಿ ಬಿಸಿಲು ಕಾಯಿಸೋದು ನಮ್ಮಿಂದ ಆಗಲ್ಲ. ಬೇರೇನಿದೆ ಮೇಡಂ?
– ಓದುಗರು, ತುಮಕೂರು

ಬಿಸಿಲು ತುಮಕೂರಲ್ಲೇ ಬೇಕಾದಷ್ಟಿದೆ, ಅದಕ್ಕೆ ವಿಮಾನ ಯಾಕೆ ಹತ್ತಬೇಕು? ಆದರೆ ಬೀಚುಗಳನ್ನು ಪಟ್ಟಿಯಿಂದ ತೆಗೆಯಬೇಡಿ. ಹೋಗುವ ಹೊತ್ತು ಬದಲಾಯಿಸಿ.

ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದರೆ ತೆಗೆದು ತಿಥಿ ನೋಡಿ. ನಗಬೇಡಿ, ಇದು ಮುಹೂರ್ತಕ್ಕಲ್ಲ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಸೂರ್ಯ ಚಂದ್ರರ ಸೆಳೆತ ಒಂದಕ್ಕೊಂದು ಕೂಡುತ್ತದೆ. ಆ ದಿನ ಮತ್ತು ನಂತರದ ಒಂದೆರಡು ದಿನ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ ಹೊತ್ತಿಗೆ ಎರಡೂ ಸಪ್ಪೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದು ಹೊಸದಲ್ಲ. ಬಯಲುಸೀಮೆಯವರು ಮಾತ್ರ ಸಮುದ್ರ ಯಾವಾಗಲೂ ಒಂದೇ ಕಡೆ ಇರುತ್ತದೆ ಅಂದುಕೊಂಡು ಹೋಗುತ್ತಾರೆ.

ದೊಡ್ಡ ಇಳಿತದ ದಿನ ನೀಲ್ ದ್ವೀಪದಲ್ಲಿರಿ. ಅಲ್ಲಿನ ಲಕ್ಷ್ಮಣಪುರದ ಎರಡನೇ ಬೀಚಿನಲ್ಲಿ ಬಂಡೆಯೇ ಕಮಾನಾಗಿ ನಿಂತ ಸೇತುವೆಯಿದೆ. ಊರಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಜ್ ಅನ್ನುತ್ತಾರೆ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಓಡುತ್ತಾರೆ. ನೀವು ಓಡಬೇಡಿ. ನಿಜವಾದ ಮಜಾ ಇರುವುದು ನಿಮ್ಮ ಕಾಲ ಕೆಳಗೆ. ನೀರು ಹಿಂದೆ ಸರಿದ ಮೇಲೆ ಬಂಡೆಯ ಗುಂಡಿಗಳಲ್ಲಿ ಸಿಕ್ಕಿಕೊಂಡ ಸಣ್ಣ ಮೀನು, ಏಡಿ, ನಕ್ಷತ್ರ ಮೀನು, ಸಮುದ್ರ ಸೌತೆ ಎಲ್ಲ ಕಾಣುತ್ತವೆ. ನಾವು ಚಿಪ್ಪಿಕಲ್ಲು ಅನ್ನುತ್ತೇವಲ್ಲ, ಅದರ ದೊಡ್ಡಣ್ಣ ಜೈಂಟ್ ಕ್ಲ್ಯಾಮ್ ಕೂಡ ಸಿಗಬಹುದು. ನೀಲಿ ಹಸಿರು ತುಟಿ ತೆರೆದುಕೊಂಡು ಕೂತಿರುತ್ತದೆ. ನಿಮ್ಮ ನೆರಳು ಬಿದ್ದರೆ ತುಟಿ ಒಳಗೆಳೆದುಕೊಳ್ಳುತ್ತದೆ. ನನ್ನ ತರಗತಿಯ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಗುತ್ತಿತ್ತು. ಜಾರದ ರಬ್ಬರ್ ಚಪ್ಪಲಿ ಹಾಕಿಸಿ, ಹವಳದ ಬಂಡೆ ಕಾಲನ್ನು ಕೊಯ್ಯುತ್ತದೆ. ಮುಟ್ಟುವುದು, ಎತ್ತುವುದು ಬೇಡ. ಊರಿನ ಗೈಡ್ ಒಬ್ಬರನ್ನು ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಕಣ್ಣೆದುರಿಗಿರುವುದೂ ಕಾಣುವುದಿಲ್ಲ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು 3 ಗಂಟೆಗೆ ಇಳಿದರೆ ನಾಳೆ ಹೆಚ್ಚುಕಡಿಮೆ 3.50ಕ್ಕೆ. ತಂಗಿದ ಕಡೆ ಕೇಳಿದರೆ ಹೇಳುತ್ತಾರೆ.

ಇನ್ನು ಗಡಿಯಾರದ ಮಾತು. ಪೋರ್ಟ್ ಬ್ಲೇರ್ ಇರುವುದು ಬೆಂಗಳೂರಿಗಿಂತ 15 ಡಿಗ್ರಿ ಪೂರ್ವಕ್ಕೆ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಸೂರ್ಯ ಅಲ್ಲಿ ಒಂದು ಗಂಟೆ ಮೊದಲು ಬರುತ್ತಾನೆ, ಮೊದಲು ಹೋಗುತ್ತಾನೆ. ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ 5 ದಾಟುತ್ತಿದ್ದಂತೆ ಸೂರ್ಯಾಸ್ತ ಮುಗಿಯಿತು. ಹ್ಯಾವ್‌ಲಾಕ್‌ನ ರಾಧಾನಗರ ಪಶ್ಚಿಮಕ್ಕೆ ಮುಖ ಮಾಡಿದ ಬೀಚು. ಊಟ ಮುಗಿಸಿ, ನಿದ್ದೆ ತೆಗೆದು, ಚಹಾ ಕುಡಿದು ಹೊರಟರೆ ಕತ್ತಲೆ ನೋಡಿ ಬರುತ್ತೀರಿ. 4ಕ್ಕೇ ಅಲ್ಲಿರಿ. ಸೂರ್ಯೋದಯಕ್ಕೆ ಕಾಲಾಪತ್ಥರ್.

ಏಜೆಂಟ್ ಆರು ದಿನಕ್ಕೆ ಬೇರೆ ಬೇರೆ ದ್ವೀಪ ತುರುಕಿದ್ದರೆ ಅರ್ಧ ಹೊಡೆದುಹಾಕಿ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ಸಾಕು. ಜೆಟ್ಟಿಯಲ್ಲಿ ಲಗೇಜ್ ಕಾಯುವುದು ಪ್ರವಾಸವಲ್ಲ.

ಅಕ್ಕಾ, ನನಗೆ 58. ಈಜು ಬರುವುದಿಲ್ಲ. ಮಗ ಸ್ಕೂಬಾ ಮಾಡಿಸಿಯೇ ಸಿದ್ಧ ಅಂತ ಹಠ ಹಿಡಿದಿದ್ದಾನೆ. ಮಾಡಲೋ ಬೇಡವೋ?
– ಓದುಗರು, ಶಿವಮೊಗ್ಗ

ಈಜು ಬರದಿರುವುದು ಅಡ್ಡಿಯಲ್ಲ. ಮೊದಲ ಸಲದವರನ್ನು 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗುವಂತಿಲ್ಲ, ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ನೀವು ಮಾಡಬೇಕಾದದ್ದು ಎರಡು. ಉಸಿರು ಹಿಡಿಯದೆ ಬಾಯಲ್ಲಿ ಆಡಿಸುತ್ತಲೇ ಇರುವುದು. ಕಿವಿ ಒತ್ತಿದಂತಾದರೆ ಮೂಗು ಹಿಡಿದು ಮೆಲ್ಲಗೆ ಊದುವುದು.

ಅಡ್ಡಿ ಬರುವುದು ಆಸ್ತಮಾ, ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದರೆ. ನೀರಿಗಿಳಿಯುವ ಮೊದಲು ಒಂದು ಫಾರಂ ಕೊಡುತ್ತಾರೆ. ಮಗ ಪಕ್ಕದಲ್ಲಿ ನಿಂತು "ಎಲ್ಲದಕ್ಕೂ ಇಲ್ಲ ಅಂತ ಬರಿ ಅಮ್ಮಾ" ಅನ್ನುತ್ತಾನೆ. ಅವನ ಮಾತು ಕೇಳಬೇಡಿ, ಇದ್ದದ್ದು ಇದ್ದಂತೆ ಬರೆಯಿರಿ. ಊರಲ್ಲೇ ಡಾಕ್ಟರಿಗೆ ತೋರಿಸಿ ಹೊರಟರೆ ಇನ್ನೂ ಒಳ್ಳೆಯದು.

ಸ್ಕೂಬಾವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಆಳದ ಒತ್ತಡಕ್ಕೆ ಗಾಳಿಯಲ್ಲಿನ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಒತ್ತಡ ಇಳಿದು ಮೈಯೊಳಗೆ ಗುಳ್ಳೆ ಕಟ್ಟಬಹುದು. ಒಂದೇ ಸಲ ಮುಳುಗಿದ್ದರೂ 12 ಗಂಟೆ, ಹೆಚ್ಚು ಸಲ ಆಗಿದ್ದರೆ 18 ಗಂಟೆ ಬಿಡಬೇಕು. ನಾನು ಹೇಳುವುದಾದರೆ ಒಂದಿಡೀ ದಿನ ಬಿಡಿ.

ಮನಸ್ಸಿಲ್ಲದಿದ್ದರೆ ಬೇಡ ಅಂದುಬಿಡಿ. ತಳಕ್ಕೆ ಗಾಜು ಕೂರಿಸಿದ ದೋಣಿಗಳಿವೆ, ಸೀರೆ ಒದ್ದೆಯಾಗದೆ ಹವಳ ನೋಡಬಹುದು.

ರಾತ್ರಿ ಹೊತ್ತು ಹ್ಯಾವ್‌ಲಾಕ್‌ನಲ್ಲಿ ನೀರು ಹೊಳೆಯುತ್ತದಂತೆ, ನಿಜವಾ? ಹೊಸದಾಗಿ ಮದುವೆಯಾಗಿದ್ದೇವೆ.
– ಓದುಗರು, ದಾವಣಗೆರೆ

ನಿಜ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಾಡಿಸಿದಾಗ ನೀಲಿ ಬೆಳಕು ಬಿಡುತ್ತವೆ. ಹುಟ್ಟು ಹಾಕಿದಲ್ಲಿ ಗೆರೆ, ಕೈ ಆಡಿಸಿದಲ್ಲಿ ಕಿಡಿ. ಮತ್ತೆ ಪಂಚಾಂಗಕ್ಕೆ ಬನ್ನಿ. ಬೆಳದಿಂಗಳಿದ್ದರೆ ಏನೂ ಕಾಣುವುದಿಲ್ಲ. ಹನಿಮೂನ್ ಅಂದಕೂಡಲೇ ಎಲ್ಲರೂ ಹುಣ್ಣಿಮೆಗೆ ಬುಕ್ ಮಾಡುತ್ತಾರೆ, ನೀವು ಅಮಾವಾಸ್ಯೆಗೆ ಮಾಡಿ. ಮನೆಯ ಹಿರಿಯರಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ರಾತ್ರಿ ಕಯಾಕ್‌ನಲ್ಲಿ ಕರೆದುಕೊಂಡು ಹೋಗುವವರಿದ್ದಾರೆ. ಅವರ ಜೊತೆಗೇ ಹೋಗಿ, ನೀವಿಬ್ಬರೇ ಕತ್ತಲಲ್ಲಿ ನೀರಿಗಿಳಿಯಬೇಡಿ. ಆ ಕಾಂಡ್ಲಾ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಬೋರ್ಡನ್ನು ಚಂದಕ್ಕೆ ಹಾಕಿರುವುದಲ್ಲ.

ಅರಣ್ಯ ಇಲಾಖೆಯಿಂದ ನಿವೃತ್ತನಾದವನು. ನೀರಿನಾಟದಲ್ಲಿ ಆಸಕ್ತಿಯಿಲ್ಲ. ಮಕ್ಕಳು ಸಮುದ್ರದಲ್ಲಿ ಇರುವಷ್ಟು ಹೊತ್ತು ನಾನೇನು ಮಾಡಲಿ?
– ಓದುಗರು, ಶಿರಸಿ

ನಿಮಗಾಗಿಯೇ ಒಂದು ಜಾಗವಿದೆ ಸಾರ್. ಪೋರ್ಟ್ ಬ್ಲೇರ್‌ನ ಚಾಥಮ್ ಸಾಮಿಲ್. 1883ರಲ್ಲಿ ಶುರುವಾದದ್ದು. ಚಿಕ್ಕದೊಂದು ದ್ವೀಪವೇ ಮಿಲ್, ಸೇತುವೆ ದಾಟಿ ಹೋಗಬೇಕು. ಅಂಡಮಾನಿನ ಪಡಾಕ್ ಮರದ ಕೆಂಪು ಹಲಗೆ ಕಂಡರೆ ನಿಮಗೆ ಕೂಡಲೇ ಗುರುತು ಸಿಗುತ್ತದೆ, ಅದು ನಮ್ಮ ಹೊನ್ನೆಯ ಬಳಗದ್ದೇ. ಜಪಾನಿನ ಬಾಂಬು ಬಿದ್ದ ಗುಂಡಿಯನ್ನು ಅಲ್ಲಿ ಹಾಗೇ ಇಟ್ಟಿದ್ದಾರೆ. ಮರ ಸಾಗಿಸಲು ತಂದ ಆನೆಗಳು ಒಂದು ಕಾಲದಲ್ಲಿ ದ್ವೀಪದಿಂದ ದ್ವೀಪಕ್ಕೆ ಸಮುದ್ರದಲ್ಲಿ ಈಜುತ್ತಿದ್ದವು. ಹಾಗೆ ಈಜುತ್ತಿದ್ದ ಕೊನೆಯ ಆನೆ, ಹ್ಯಾವ್‌ಲಾಕ್‌ನ ರಾಜನ್, 2016ರಲ್ಲಿ ತೀರಿಕೊಂಡಿತು.

ಸೆಲ್ಯುಲರ್ ಜೈಲನ್ನು ಬಿಡಬೇಡಿ. 1906ರಲ್ಲಿ ಮುಗಿದಾಗ ನಡುಗೋಪುರದಿಂದ ಏಳು ಸಾಲು ಕಟ್ಟಡ ಚಾಚಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಮುಂಭಾಗ ಮುಂದಿನ ಸಾಲಿನ ಬೆನ್ನನ್ನೇ ನೋಡುತ್ತಿತ್ತು. ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣಬಾರದು, ಅದಕ್ಕೇ. ಸಂಜೆಯ ಧ್ವನಿ ಬೆಳಕಿನ ಕಾರ್ಯಕ್ರಮ ಎಲ್ಲರೂ ಹೊಗಳುತ್ತಾರೆ. ನನಗೆ ಕೇಳಿದರೆ ಬೆಳಿಗ್ಗೆ ಜನ ಸೇರುವ ಮೊದಲು ಹೋಗಿ ಒಂದು ಕೋಣೆಯೊಳಗೆ ಸುಮ್ನೆ ನಿಲ್ಲಿ. ಅದೇ ಸಾಕು.

ಎದುರಿಗೇ ರಾಸ್ ದ್ವೀಪ. ಬ್ರಿಟಿಷರ ಆಡಳಿತ ಕೇಂದ್ರವಾಗಿತ್ತು. 1941ರಲ್ಲಿ ಭೂಕಂಪವಾಯಿತು, ಮರುವರ್ಷ ಜಪಾನಿಗಳು ಬಂದರು. ಈಗ ಚರ್ಚು, ಬೇಕರಿ, ಸಾಹೇಬರ ಬಂಗಲೆ ಎಲ್ಲದರ ಗೋಡೆಗೂ ಆಲದ ಜಾತಿಯ ಬೇರು ಸುತ್ತಿಕೊಂಡಿದೆ. ಚುಕ್ಕೆ ಜಿಂಕೆಗಳು ಹೆದರಿಕೆಯಿಲ್ಲದೆ ಓಡಾಡುತ್ತವೆ. ಕಾಲಿನಲ್ಲಿ ಶಕ್ತಿಯಿದ್ದರೆ ಮೌಂಟ್ ಹ್ಯಾರಿಯಟ್‌ಗೂ ಹೋಗಿ, 2021ರಿಂದ ಅದರ ಹೆಸರು ಮೌಂಟ್ ಮಣಿಪುರ. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದಿದ್ದ ಲೈಟ್‌ಹೌಸ್ ಚಿತ್ರ ಅಲ್ಲಿಂದ ಕಾಣುವ ನೋಟವೇ. ಆ ಬೆಟ್ಟದ ಬುಡದಲ್ಲೇ 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೋನನ್ನು ಶೇರ್ ಅಲಿ ಎಂಬ ಕೈದಿ ಇರಿದು ಕೊಂದ. ಬೆಟ್ಟದ ಮೇಲಿಂದ ಸೂರ್ಯಾಸ್ತ ನೋಡಿ ಇಳಿದು ಬರುವಾಗ ನಡೆದದ್ದು. ಶೇರ್ ಅಲಿಯನ್ನು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು.

ಬಾರಾಟಾಂಗ್ ದಾರಿಯಲ್ಲಿ ಜಾರವಾ ಆದಿವಾಸಿಗಳನ್ನು ನೋಡಬಹುದಂತೆ. ನಾನು ಮಾನವಶಾಸ್ತ್ರದ ವಿದ್ಯಾರ್ಥಿ. ಹೋಗಬಹುದಾ?
– ವಿದ್ಯಾರ್ಥಿ, ಮೈಸೂರು

ನೋಡಲಿಕ್ಕೆ ಅಂತ ಹೋಗಬೇಡಪ್ಪ. 2011ರ ಜನಗಣತಿಯಲ್ಲಿ ಜಾರವಾ ಇದ್ದದ್ದು 380 ಜನ. ಹೊರಗಿನವರ ಒಡನಾಟ ಶುರುವಾದ ಸ್ವಲ್ಪ ದಿನಕ್ಕೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತ್ತು. ಅವರ ಕಾಡಿನ ನಡುವೆ ಹಾಯುವ ರಸ್ತೆಯಲ್ಲಿ ಪೊಲೀಸ್ ಕಾವಲಿನ ಸಾಲಿನಲ್ಲೇ ವಾಹನಗಳು ಹೋಗಬೇಕು. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಆದರೂ ಕಿಟಕಿಗೆ ಮೂಗು ಒತ್ತಿಕೊಂಡು ಹೋಗುವ ಜನರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆ ಚಂದವೇ, ಸುಳ್ಳು ಹೇಳುವುದಿಲ್ಲ. ಆದರೆ ಸುಣ್ಣದ ಕಲ್ಲು ನೋಡಲು ನಮ್ಮ ಯಾಣವಿದೆ.

ನಿನ್ನ ಓದಿಗೆ ಬೇಕಾದ್ದು ಪೋರ್ಟ್ ಬ್ಲೇರ್‌ನ ಮಾನವಶಾಸ್ತ್ರ ಮ್ಯೂಸಿಯಂನಲ್ಲಿದೆ. ಜನರ ಜೊತೆ ಮಾತಾಡಬೇಕಾ? ಬಸ್ ಹತ್ತು. ದಕ್ಷಿಣ ಅಂಡಮಾನ್‌ನಲ್ಲಿ ಕ್ಯಾಲಿಕಟ್, ಮಂಜೇರಿ, ವಂಡೂರ್ ಎಂಬ ಊರುಗಳಿವೆ. ಮಲಬಾರಿನಲ್ಲಿ 1921ರ ದಂಗೆಯಾದ ಮೇಲೆ ಗಡೀಪಾರಾಗಿ ಬಂದ ಮಾಪಿಳ್ಳೆಗಳು ತಮ್ಮೂರಿನ ಹೆಸರನ್ನೂ ತಂದರು. ನೀಲ್‌ನಲ್ಲಿ ಪೂರ್ವ ಬಂಗಾಳದಿಂದ ಬಂದವರು. ಮಾಯಾಬಂದರ್ ಕಡೆ ಬರ್ಮಾದ ಕರೆನ್ನರು. ಕಾಡು ಕಡಿಯಲು ಬಂದ ರಾಂಚಿಯವರು. ಎಲ್ಲರೂ ಹಿಂದಿಯಲ್ಲೇ ಮಾತಾಡುತ್ತಾರೆ, ಕೂತರೆ ಅಜ್ಜನ ಕಥೆ ತಾವೇ ಹೇಳುತ್ತಾರೆ.

ನಮ್ಮತ್ತೆ ಶುದ್ಧ ಸಸ್ಯಾಹಾರಿ, ಈರುಳ್ಳಿಯೂ ಮುಟ್ಟಲ್ಲ. ಅಲ್ಲಿ ಊಟದ ಗತಿಯೇನು?
– ಓದುಗರು, ಬೆಂಗಳೂರು

ಪೋರ್ಟ್ ಬ್ಲೇರ್‌ನಲ್ಲಿ ಚಿಂತೆಯೇ ಇಲ್ಲ. ತಮಿಳರು ಜಾಸ್ತಿ ಇರುವ ಊರು, ಅಬರ್ಡೀನ್ ಬಜಾರಿನಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಸಿಗುತ್ತದೆ. ನೀಲ್ ಅಂತೂ ತರಕಾರಿ ಬೆಳೆಯುವ ದ್ವೀಪ. ಈರುಳ್ಳಿ ಹಾಕದೆ ಮಾಡಿಕೊಡಿ ಅಂತ ಬೆಳಿಗ್ಗೆಯೇ ಹೇಳಿಡಿ. ಹಡಗಿನ ದಿನ ಅತ್ತೆಯವರಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಹತ್ತಿಸಬೇಡಿ. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ.

ಟೀಚರ್, ನಾನು ಆರನೇ ಕ್ಲಾಸು. ಅಂಡಮಾನಿನಿಂದ ಚಿಪ್ಪು ತರಬಹುದಾ?
– ಪುಟ್ಟ ಓದುಗಳು, ಹಾಸನ

ಬೇಡ ಪುಟ್ಟೀ. ಹವಳ, ಚಿಪ್ಪು ಹೆಕ್ಕಿ ತರುವುದಕ್ಕೆ ಕಾನೂನು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಅಲ್ಲದೆ ಖಾಲಿ ಚಿಪ್ಪು ಖಾಲಿ ಅಲ್ಲ. ಸನ್ಯಾಸಿ ಏಡಿಯ ಹೊಟ್ಟೆಯ ಭಾಗಕ್ಕೆ ಗಟ್ಟಿ ಕವಚವಿಲ್ಲ, ಮೈ ಬೆಳೆದ ಹಾಗೆಲ್ಲ ಅದು ದೊಡ್ಡ ಚಿಪ್ಪು ಹುಡುಕಿಕೊಂಡು ಮನೆ ಬದಲಾಯಿಸುತ್ತದೆ. ಸಂಜೆ ಮರಳಿನ ಮೇಲೆ ಅಲ್ಲಾಡದೆ ಕೂತುಕೋ, ಚಿಪ್ಪುಗಳೇ ನಡೆಯುವುದು ಕಾಣುತ್ತದೆ. ಇನ್ನೊಂದು ಗುಟ್ಟು. ಆ ಬಿಳಿ ಮರಳಿನಲ್ಲಿ ಸ್ವಲ್ಪ ಭಾಗ ಗಿಳಿಮೀನಿನ ಕಕ್ಕ. ಅದು ಹವಳವನ್ನು ಕಡಿದು ಪುಡಿ ಮಾಡಿ ಹಿಂದಿನಿಂದ ಬಿಡುತ್ತದೆ. ಕ್ಲಾಸಿನಲ್ಲಿ ಹೇಳು, ಚಿಪ್ಪಿಗಿಂತ ಜಾಸ್ತಿ ಮಜಾ ಬರುತ್ತದೆ. ಏನಾದರೂ ತರಲೇಬೇಕು ಅಂದರೆ ಅಪ್ಪನಿಗೆ ಸಾಗರಿಕಾ ಸರ್ಕಾರಿ ಎಂಪೋರಿಯಂಗೆ ಕರೆದುಕೊಂಡು ಹೋಗಲು ಹೇಳು. ಬಿಲ್ ಇಟ್ಟುಕೊಳ್ಳಲಿ.

ಜೂನ್‌ನಲ್ಲಿ ಟಿಕೆಟ್ ಅಗ್ಗವಂತೆ. ಹೋಗಲಾ?
– ಓದುಗರು, ಬಳ್ಳಾರಿ

ಮಳೆ ನೋಡಲು ಹೋಗುವುದಾದರೆ ಹೋಗಿ. ಹವಳ ನೋಡಲು ಬೇಡ, ನೀರು ಕಲಕಿರುತ್ತದೆ. ಗಾಳಿ ಎದ್ದ ದಿನ ಹಡಗು ಬಿಡುವುದಿಲ್ಲ, ಹ್ಯಾವ್‌ಲಾಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಹೋದರೆ ಕೊನೆಯ ಎರಡು ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರುವ ಹಾಗೆ ಬುಕ್ ಮಾಡಿ. ಜನವರಿಯಿಂದ ಏಪ್ರಿಲ್‌ವರೆಗೆ ರಜೆ ಸಿಗುತ್ತದಾ ನೋಡಿ, ಆಗ ಸಮುದ್ರ ಶಾಂತ. ಆಗ ಟಿಕೆಟ್ ದುಬಾರಿ ಅನ್ನಿಸಿದರೆ ಆ ತಿಂಗಳುಗಳಲ್ಲೇ ಮುರ್ಡೇಶ್ವರಕ್ಕೆ ಬಸ್ ಹತ್ತಿ. ಅಲ್ಲಿನ ನೇತ್ರಾಣಿ ದ್ವೀಪದಲ್ಲೂ ಸ್ಕೂಬಾ ಮಾಡಿಸುತ್ತಾರೆ.